ಸತ್ತವನ ಹೊಲಕ್ಕೆ ನೀರು

"ಏಪ್ರಿಲ್ ಮುಗಿಯೋದ್ರೊಳಗೆ ಕಾಲುವೆ ಕೆಳಗಿನ ಆ ಪಟ್ಟಿ ನೆಲಕ್ಕೆ ನೀರು ಬಿದ್ದು ಬೀಜ ಬೀಳದಿದ್ರೆ, ನಾನು ರೋವೆನಾನ ಕರ್ಕೊಂಡು ಅಕ್ಕನ ಮನೆಗೆ ಹೋಗ್ತೀನಿ," ಎಂದಳು ವೆಲ್ಡಾ, ಬೀನ್ಸ್ ಕಾಳಿನ ಪಾತ್ರೆಯನ್ನು ಮೇಜಿನ ಮೇಲಿಡುತ್ತಾ. ಕೂಗಿ ಹೇಳಲಿಲ್ಲ. ಕೂಗಿದ್ದರೆ ನಾವ್ಯಾರೂ ಅಷ್ಟು ತಲೆಗೆ ಹಚ್ಚಿಕೊಳ್ಳುತ್ತಿರಲಿಲ್ಲ.

ನನ್ನಣ್ಣ ಹೀಬರ್ ರೊಟ್ಟಿ ಮುರಿದು ಕಾಳಿನ ರಸಕ್ಕೆ ಅದ್ದಿದ. "ನಿಮ್ಮಕ್ಕನ ಮನೆ ಹೊಳೆಯಾಚೆ. ಹೋಗೋದಾದ್ರೂ ನನ್ನ ದೋಣೀಲೇ ಹೋಗ್ಬೇಕು."

"ಹೋಗ್ತೀನಿ. ಎಲ್ಲರ ಹಾಗೆ ಸುಂಕ ಕೊಟ್ಟೇ ಹೋಗ್ತೀನಿ."

"ಹೆಂಗಸರಿಗೆ ಅರ್ಧ. ಕುರಿಗಳಿಗೆ ಕಾಲು."

ರೋವೆನಾ ಕಿಸಕ್ಕೆಂದಳು. ಅವಳಮ್ಮ ನಗಲಿಲ್ಲ. "ಮಾವ, ನಾನು ಮೇವಿನ ಮಾತಾಡ್ತಿದೀನಿ. ಹದಿನಾರು ದನ ಇವೆ. ಕೆಳಗಿನ ಹೊಲ ಅರ್ಧ ಹೊಳೆ ತಿಂದಿದೆ, ಇನ್ನರ್ಧ ಉಪ್ಪು ತಿಂದಿದೆ. ಚಳಿಗಾಲಕ್ಕೆ ಸೇತುವೆ ಆಗುತ್ತೆ. ಆಮೇಲೆ ಈ ಕಡವಿಗೆ ಬರೋರು ಯಾರು? ಆಗ ನಾವು ತಿನ್ನೋದು ಏನನ್ನ?"

"ಆಮನ್, ನಿನ್ನ ಹೆಂಡತಿ ಏನೋ ಕೇಳ್ತಿದಾಳೆ," ಎಂದ ಹೀಬರ್.

ಆಮನ್ ಬಾಯಿತುಂಬ ಕಾಳು ಇಟ್ಟುಕೊಂಡು ಹೆಂಡತಿಯ ಕಡೆ ನೋಡಿ ಹೂಂ ಅಂದ, ಅಪ್ಪನ ಕಡೆ ನೋಡಿಯೂ ಹೂಂ ಅಂದ. ಮೂವತ್ನಾಲ್ಕು ವರ್ಷ ವಯಸ್ಸಿಗೆ ಅವನು ಕಲಿತ ವಿದ್ಯೆ ಅದು.

ಮನೆಯಲ್ಲಿ ನಾವು ಇದ್ದದ್ದೇ ಐದು ಜನ. ಕಡವಿನ ಅಂಬಿಗ ಹೀಬರ್ ಆವೆರೆಟ್, ಅವನ ಮಗ ಆಮನ್, ಸೊಸೆ ವೆಲ್ಡಾ, ಹನ್ನೆರಡು ವರ್ಷದ ಮೊಮ್ಮಗಳು ರೋವೆನಾ, ಮತ್ತೆ ನಾನು, ಹೀಬರನ ತಂಗಿ ಆರ್ಫಾ. ಗಂಡ ಸತ್ತ ಮೇಲೆ ತವರಿಗೆ ಬಂದವಳು. ಅತ್ತಿಗೆ ತೀರಿಕೊಂಡ ಮೇಲೆ ಒಲೆ ನನ್ನ ಕೈಗೆ ಬಂತು.

ಚರ್ಚಿನ ಹಿರಿಯರು ನಮ್ಮಪ್ಪನಿಗೆ "ಹೋಗಿ ಕೊಲರಾಡೊ ಹೊಳೆಯ ಕಡವು ನೋಡಿಕೋ" ಎಂದು ಹೇಳಿ ಕಳಿಸಿದಾಗ ನನಗೆ ಆರು ವರ್ಷ. ಇನ್ನೂರು ಮೈಲಿಯುದ್ದದ ಕಣಿವೆಯಲ್ಲಿ ಬಂಡಿ ನೀರಿಗಿಳಿಯಬಹುದಾದ ಜಾಗ ಇದೊಂದೇ. ಅಪ್ಪ ಹಸಿ ಹಲಗೆ ಹೊಡೆದು ಮಾಡಿದ ಮೊದಲ ದೋಣಿ ಎಷ್ಟು ಸೋರುತ್ತಿತ್ತೆಂದರೆ, ಇಬ್ಬರು ಹುಟ್ಟು ಹಾಕಿದರೆ ಮೂವರು ನೀರು ಮೊಗೆದು ಚೆಲ್ಲಬೇಕಿತ್ತು. ಉತ್ತರದ ಊರಿನ ನಮ್ಮ ಮತದ ದೇವಾಲಯದಲ್ಲಿ ಮದುವೆಯಾಗಲು ಹೊರಟ ಹುಡುಗ ಹುಡುಗಿಯರೆಲ್ಲ ಅದರಲ್ಲೇ ದಾಟಿದರು. ಕೆಲವರು ಆಚೆ ದಂಡೆಗೆ ಬರುವಷ್ಟರಲ್ಲಿ ಮದುವೆಯೇ ಬೇಡ ಅನ್ನುವಷ್ಟು ಹೆದರಿರುತ್ತಿದ್ದರು.

ಹೊಳೆ ನಮ್ಮ ಹೊಲಕ್ಕಿಂತ ಕೆಳಗೆ ಹರಿಯುವುದರಿಂದ ಅದರ ಒಂದು ಹನಿಯೂ ನಮಗೆ ದಕ್ಕುವುದಿಲ್ಲ. ಪಕ್ಕದ ಹಳ್ಳಕ್ಕೆ ಕಲ್ಲು, ಕಂಟಿ, ಮರದ ಕೊಂಬೆ ಹಾಕಿ ಒಡ್ಡು ಕಟ್ಟಿ, ಅಲ್ಲಿಂದ ಕಾಲುವೆ ತೆಗೆದು ನೀರು ತಂದರೆ ಪೀಚ್ ಗಿಡ, ಜೋಳ, ದನದ ಮೇವಿಗೆ ಕುದುರೆಮೆಂತ್ಯ. ಒಡ್ಡು ಪ್ರತಿ ವರ್ಷ ಕೊಚ್ಚಿಹೋಗುತ್ತದೆ, ಪ್ರತಿ ವರ್ಷ ಕಟ್ಟುತ್ತೇವೆ. ಅಪ್ಪ ಇದ್ದಾಗ ನಾನು ಲೆಕ್ಕ ಇಡುತ್ತಿದ್ದೆ; ಇಪ್ಪತ್ತು ದಾಟಿದ ಮೇಲೆ ಬಿಟ್ಟುಬಿಟ್ಟೆ.

ಈಗ ಆರು ಮೈಲಿ ಕೆಳಗೆ, ಕಮರಿಯ ಮೇಲೆ ಸೇತುವೆ ಏಳುತ್ತಿತ್ತು. ಆಚೆ ದಂಡೆಗೆ ಬೇಕಾದ ಉಕ್ಕಿನ ತೊಲೆಗಳನ್ನೆಲ್ಲ ಲಾರಿಯಲ್ಲಿ ತಂದು ನಮ್ಮ ದೋಣಿಯಲ್ಲೇ ದಾಟಿಸುತ್ತಿದ್ದರು. "ನಮ್ಮ ಗೋರಿಯ ಕಲ್ಲನ್ನ ನಾವೇ ಹೊರ್ತಿದೀವಿ," ಎಂದು ಹೀಬರ್ ಲಾರಿ ಬಂದಾಗಲೆಲ್ಲ ಹೇಳುತ್ತಿದ್ದ. ಆದರೆ ಒಂದು ದಿನವೂ ಹೊರುವುದಿಲ್ಲ ಅನ್ನಲಿಲ್ಲ. ಐವತ್ನಾಲ್ಕು ವರ್ಷದಲ್ಲಿ ಆಚೆ ದಂಡೆಯಿಂದ ಕೂಗಿದವರನ್ನು ಈ ಮನೆಯವರು ಕರೆತರದೆ ಬಿಟ್ಟದ್ದಿಲ್ಲ. ಸೇತುವೆಯ ಮೇಲೆ ಮೊದಲ ಬಂಡಿ ಹೋಗುವವರೆಗೂ ಬಿಡುವುದಿಲ್ಲ ಎಂಬುದು ಅವನ ಹಟ.

ವೆಲ್ಡಾ ಕೇಳುತ್ತಿದ್ದ ಪಟ್ಟಿ ಎರಡೇ ಎಕರೆ. ಕಾಲುವೆಯ ಕೆಳಗೆ, ದೋಣಿಯ ಉಕ್ಕಿನ ಹಗ್ಗ ನೆಲಕ್ಕಿಳಿಯುವ ಜಾಗದ ಸುತ್ತ. ನೀರೇ ಕಾಣದ ನೆಲ, ಹಾಗಾಗಿ ಉಪ್ಪೂ ಎದ್ದಿರಲಿಲ್ಲ. ಅವಳು ಆ ಮಣ್ಣನ್ನು ನಾಲಿಗೆಗೆ ಹಚ್ಚಿ ನೋಡಿದ್ದಳು. "ಸಿಹಿ ಇದೆ ಅತ್ತೆ," ಎಂದು ನನಗೂ ಒಂದು ಚಿಟಿಕೆ ಕೊಟ್ಟಿದ್ದಳು. ಸಿಹಿಯೇ.

ಅದಕ್ಕೆ ನೀರು ಯಾಕೆ ಬಿಡುತ್ತಿರಲಿಲ್ಲ ಎಂದರೆ ಅಲ್ಲಿ ಸತ್ತವನಿದ್ದಾನೆ.

ಈ ಮಾತನ್ನು ಬಿಡಿಸಿಯೇ ಹೇಳಬೇಕು, ಯಾಕೆಂದರೆ ನಮ್ಮ ಮನೆ ಹಾಳಾಗಲು ಹೊರಟದ್ದು ಇದರಿಂದಲೇ. ದೋಣಿ ಹೊಳೆಗೆ ಅಡ್ಡ ಕಟ್ಟಿದ ಉಕ್ಕಿನ ಹಗ್ಗಕ್ಕೆ ಜೋತುಬಿದ್ದಿರುತ್ತದೆ. ಆ ಹಗ್ಗದ ತುದಿಯನ್ನು ಈಚೆ ದಂಡೆಯಲ್ಲಿ ಒಂದು ದೊಡ್ಡ ಮರದ ದಿಮ್ಮಿಗೆ ಸುತ್ತಿ, ದಿಮ್ಮಿಯನ್ನು ಎಂಟಡಿ ಆಳದಲ್ಲಿ ಅಡ್ಡಲಾಗಿ ಹೂತಿದ್ದಾರೆ. ಕಸುಬಿನವರು ಆ ದಿಮ್ಮಿಯನ್ನು ಕರೆಯುವುದೇ ಸತ್ತವನು ಎಂದು. ಅಪ್ಪನೂ ಹೀಬರನೂ ಆರು ದಿನ ಅಗೆದು ಅದನ್ನು ಹೂತಾಗ ಅಪ್ಪ ಹೇಳಿದ್ದು ಇಷ್ಟೇ: "ಈ ಮಣ್ಣು ಒಣಗಿರೋವರೆಗೂ ಕಲ್ಲಿನ ಥರ ಹಿಡ್ಕೊಂಡಿರುತ್ತೆ. ನೆನೆದ್ರೆ ಗಂಜಿ. ನೀರು ಬಿಡ್ಬೇಡಿ." ಹಸುಗೂಸಿಗೂ ಅರ್ಥವಾಗುವ ಮಾತು.

ಹೀಬರನ ಬಾಯಲ್ಲಿ ಮಾತು ನೆಟ್ಟಗೆ ಬರುವುದಿಲ್ಲ. ವೆಲ್ಡಾ ಹೊಸ ಮದುವಣಗಿತ್ತಿಯಾಗಿ ಬಂದ ವಾರ, ಅಲ್ಲಿದ್ದ ಕಲ್ಲಿನ ಗುಡ್ಡೆ ತೋರಿಸಿ ಏನದು ಎಂದು ಕೇಳಿದಳು. ಅವನು ಟೋಪಿ ತೆಗೆದು ಎದೆಗಿಟ್ಟುಕೊಂಡು ಹೇಳಿದ: "ಅಲ್ಲೊಬ್ಬ ಸತ್ತವನಿದಾನಮ್ಮ. ನಮ್ಮ ಸಂಸಾರವನ್ನ ಹಿಡ್ಕೊಂಡಿರೋನು ಅವನೇ. ಅವನ ಕಾಲು ಮಾತ್ರ ತೋಯಿಸಬೇಡ."

ಹತ್ತೊಂಬತ್ತರ ಹುಡುಗಿ. ನಂಬಿದಳು. ಮೇ ತಿಂಗಳಲ್ಲಿ ಎಲ್ಲರೂ ತಮ್ಮ ಸತ್ತವರ ಗೋರಿಗೆ ಹೂವಿಡುವ ದಿನ, ಇವಳು ಗುಡ್ಡದ ಹೂವು ಕಿತ್ತು ಆ ಕಲ್ಲುಗುಡ್ಡೆಯ ಮೇಲಿಟ್ಟು ಕಣ್ಣುಮುಚ್ಚಿ ಪ್ರಾರ್ಥನೆ ಮಾಡಿದಳು. ನಾವು ಕಿಟಕಿಯಲ್ಲಿ ನಿಂತು ಏಪ್ರನ್ ಬಾಯಿಗೆ ತುರುಕಿಕೊಂಡು ನಕ್ಕೆವು. ಒಂದು ವರ್ಷ ಅಲ್ಲ, ಮೂರು ವರ್ಷ. ನಾನೂ ನಕ್ಕೆ. ಮೂರನೇ ವರ್ಷ ಹೂವು ಕೀಳಲು ಜೊತೆಗೆ ಹೋಗಿ ಬಂದು ನಕ್ಕೆ. ನಾಲ್ಕನೆಯ ವರ್ಷ ಯಾರೋ ಕುರಿಯವನು ಹೇಳಿಬಿಟ್ಟ. ವೆಲ್ಡಾ ನಮ್ಮೆದುರಿಗೆ ತಾನೂ ನಕ್ಕಳು. ಆದರೆ ಅಂದಿನಿಂದ ಮಾವ ಏನು ಹೇಳಿದರೂ, ಮಳೆ ಬರುತ್ತೆ ಎಂದರೂ, ಅವಳು ಕೇಳುವುದು ಒಂದೇ: "ನಿಜವಾದ ನಿಜವೋ, ಸತ್ತವನ ನಿಜವೋ?"

ಅಂದಿನ ಊಟದಲ್ಲಿಯೂ ಕೇಳಿದಳು. "ಎಂಟಡಿ ಕೆಳಗೆ ಇರೋ ದಿಮ್ಮಿಗೆ ಮೇಲೆ ನಾಲ್ಕು ಬೆರಳು ನೀರು ಬಿಟ್ರೆ ಏನಾಗುತ್ತೆ? ನೆಟ್ಟಗೆ ಹೇಳಿ."

"ಅವನಿಗೆ ನೆಗಡಿಯಾಗುತ್ತೆ," ಎಂದ ಹೀಬರ್.

"ನೋಡಿದ್ಯಾ?" ಎಂದಳು ಅವಳು ಗಂಡನಿಗೆ. ಆಮನ್ ಹೂಂ ಅಂದ.

ಮರುವಾರ ಹಳ್ಳ ಕೆಂಪಗೆ ಉಬ್ಬಿ ಒಡ್ಡಿನ ಒಂದು ಮಗ್ಗುಲನ್ನು ಒಯ್ದಿತು. ಹೀಬರ್, ಆಮನ್ ಇಬ್ಬರೂ ಹೇಸರಗತ್ತೆ ಕಟ್ಟಿಕೊಂಡು ನಾಲ್ಕು ದಿನಕ್ಕೆ ಬುತ್ತಿ ತೆಗೆದುಕೊಂಡು ಮೇಲೆ ಹೋದರು. ಕಡವಿನ ಗಂಟೆ ಹೊಡೆದರೆ ಬಂದು ಕರೆಯುವ ಕೆಲಸ ರೋವೆನಾಳದು. ಅವರು ಒಡ್ಡು ಮುಚ್ಚಿ ಕಾಲುವೆಗೆ ನೀರು ತಿರುಗಿಸಿ, ಒಡ್ಡು ಗಟ್ಟಿ ಮಾಡಲು ಅಲ್ಲೇ ಉಳಿದದ್ದೇ ಇಲ್ಲಿ ವೆಲ್ಡಾ ಸಲಿಕೆ ಹಿಡಿದು ನಿಂತಿದ್ದಳು. ಬೆಳಗಿನ ಹೊತ್ತು, ನಾನು ರೊಟ್ಟಿಗೆ ಹಿಟ್ಟು ನಾದುತ್ತಿದ್ದೆ.

"ಎಲ್ಲಿಗೆ ತಿರುಗಿಸ್ತಿದೀಯೇ?"

"ನೀವು ನೋಡಿಲ್ಲ ಅತ್ತೆ. ಹಿಟ್ಟು ನಾದ್ತಿದ್ದೀರಿ."

ನಾನು ನೋಡಿದ್ದೆ. ಬೇಡ ಅನ್ನಬಹುದಿತ್ತು. ಅಪ್ಪ ಹೇಳಿದ ಮಾತು ಹಾಗೇ ಹೇಳಬಹುದಿತ್ತು. ಅವಳು ಹೋಗಿಬಿಡುತ್ತಾಳೆ ಎಂಬ ಹೆದರಿಕೆ ದಿಮ್ಮಿಯ ಹೆದರಿಕೆಗಿಂತ ದೊಡ್ಡದಾಗಿತ್ತು. ಮೂವತ್ತೆರಡು ವರ್ಷ ಅಲುಗದ್ದು ಈಗ ಅಲುಗುತ್ತದೆಯೇ ಎಂದುಕೊಂಡು ಹಿಟ್ಟು ನಾದಿದೆ.

ಎರಡು ದಿನ ನೀರು ಬಿಟ್ಟಳು. ಗಂಡಸರು ಬಂದಾಗ ನೆಲ ಕಪ್ಪಗೆ ಹೊಳೆಯುತ್ತಿತ್ತು. ಹೀಬರ್ ಅಂಚಿನಲ್ಲಿ ನಿಂತು ನೋಡಿದ. ಹೋಗಿ ಹಗ್ಗವನ್ನು ಕೈಯಿಂದ ಎಳೆದು ನೋಡಿದ, ಬಿಗಿಯಾಗಿಯೇ ಇತ್ತು. ಒಳಗೆ ಬಂದು ಕೈ ತೊಳೆದು ಕೂತ.

"ಹೇಳೋದು ಏನಾದ್ರೂ ಇದ್ರೆ ಹೇಳಿಬಿಡಿ ಮಾವ," ಎಂದಳು ವೆಲ್ಡಾ.

"ಏನಿಲ್ಲ. ನನ್ನ ಮಾತು ಮುಗಿದಿದೆ."

"ನೆಗಡಿ ವಿಷಯವಾ?"

ಅವನು ಅರ್ಧ ಊಟಕ್ಕೆ ಎದ್ದ. ಅವತ್ತು ಅವನು ಎರಡು ವಾಕ್ಯ ನೆಟ್ಟಗೆ ಹೇಳಿದ್ದರೆ ಮುಗಿಯುತ್ತಿತ್ತು. ಆದರೆ ತನ್ನ ಮಾತು ಮೀರಿದವಳಿಗೆ ಕಾರಣ ಕೊಡುವುದು ಅವನ ಗತ್ತಿಗೆ ಒಗ್ಗಲಿಲ್ಲ. ವೆಲ್ಡಾ ಬೀಜ ಎರಚಿದಳು. ಎಂಟು ದಿನದಲ್ಲಿ ಕುದುರೆಮೆಂತ್ಯ ಹಸಿರು ಹೊಗೆಯ ಹಾಗೆ ಎದ್ದಿತು. ಅವಳು ಹಾಡು ಗುನುಗುತ್ತಾ ಹಾಲು ಕರೆಯುವುದನ್ನು ನಾನು ಎಷ್ಟೋ ವರ್ಷದ ಮೇಲೆ ಕೇಳಿದೆ. ಗಂಡನಿಗೆ ಪೀಚ್ ಕಡುಬು ಮಾಡಿ ಹಾಕಿದಳು. ಮೇ ಮೊದಲ ವಾರ ಎರಡನೆಯ ನೀರು ಕೊಟ್ಟಳು, ಈ ಸಲ ಮೂರು ದಿನ. ಈ ಸಲ ಅಡಗಿಸಲೂ ಇಲ್ಲ. ಆಮನ್ನೇ ತೂಬು ತೆಗೆದುಕೊಟ್ಟ. ಅದೇ ದಿನ ಅಪ್ಪನ ಜೊತೆ ಹೋಗಿ ಹಗ್ಗಕ್ಕೆ ಎಣ್ಣೆಯನ್ನೂ ಹಚ್ಚಿದ.

ಹಿಮ ಕರಗಿ ಹೊಳೆ ತುಂಬಿತ್ತು. ನಾಲ್ಕನೆಯ ದಿನ ಬೆಳಗ್ಗೆ ಹತ್ತರ ಹೊತ್ತಿಗೆ ತೊಲೆ ತುಂಬಿದ ಲಾರಿಯೊಂದು ಬಂತು. ಹೀಬರನಿಗೆ ಸೊಂಟ ಹಿಡಿದಿದ್ದರಿಂದ ಆಮನ್ ಒಬ್ಬನೇ ದೋಣಿ ಬಿಟ್ಟ. ಜೊತೆಗೆ ಲಾರಿಯ ಡ್ರೈವರು. ನಾನು ಬಟ್ಟೆ ಒಣಹಾಕುತ್ತಿದ್ದೆ. ದೋಣಿ ನಡುಹೊಳೆಗೆ ಬಂದಾಗ ಹೊಲದ ಕಡೆಯಿಂದ ಒಂದು ಸದ್ದು ಬಂತು. ಕೆಸರಿನಿಂದ ಬೂಟು ಕೀಳುವಾಗ ಬರುತ್ತದಲ್ಲ, ಅಂಥದ್ದೇ, ಆದರೆ ಮನೆಯಷ್ಟು ದೊಡ್ಡ ಬೂಟು.

"ಅಜ್ಜಿ! ಹಗ್ಗ ಮುಳುಗ್ತಿದೆ!" ಎಂದು ರೋವೆನಾ ಕಿರುಚಿದಳು.

ಸತ್ತವನು ಎದ್ದುಬರುತ್ತಿದ್ದ. ಹಸಿರು ಮೊಳಕೆಯ ನಡುವೆ ನೆಲ ಸೀಳಿಕೊಂಡು, ಕಲ್ಲುಗುಡ್ಡೆಯನ್ನು ಪಕ್ಕಕ್ಕೆ ಉರುಳಿಸಿಕೊಂಡು, ಆ ದಿಮ್ಮಿ ಹೊಳೆಯ ಕಡೆಗೆ ನೇಗಿಲಿನಂತೆ ಹೊರಟಿತ್ತು. ಹಗ್ಗ ನೀರಿಗೆ ಬಿತ್ತು. ಆಚೆ ದಂಡೆಯ ತುದಿ ಬಿಡಲಿಲ್ಲ; ಹಾಗಾಗಿ ದೋಣಿ ತೊಟ್ಟಿಲ ಹಾಗೆ ಬೀಸಿಕೊಂಡು ಕೆಳಕ್ಕೆ ಹೋಗಿ ಆಚೆ ಬದಿಯ ಕಲ್ಲುದಿಣ್ಣೆಗೆ ಬಡಿಯಿತು. ತೊಲೆಗಳು ಒಂದರ ಹಿಂದೊಂದು ಜಾರಿ ನೀರಿಗೆ ಹೋದವು. ಲಾರಿ ಅರ್ಧ ಮುಳುಗಿತು. ಕೊನೆಗೆ ಇಬ್ಬರು ಮನುಷ್ಯರು ದಿಣ್ಣೆಯ ಮೇಲೆ ತೆವಳಿಕೊಂಡು ಹತ್ತಿದರು. ವೆಲ್ಡಾಳ ಕೈಯಲ್ಲಿ ಸಲಿಕೆ ಹಾಗೇ ಇತ್ತು.

"ಆಮನ್!" ಎಂದು ಹೀಬರ್ ಬಾಯಿಗೆ ಕೈ ಗುಂಡಗೆ ಹಿಡಿದು ಕೂಗಿದ. "ಏನಾಯ್ತೋ?"

ಸ್ವಲ್ಪ ಹೊತ್ತಿನ ಮೇಲೆ ಹೊಳೆಯ ಮೇಲಿಂದ ಉತ್ತರ ಬಂತು. "ಎರಡು ಬೆರಳು ಮುರೀತು! ಡ್ರೈವರ್ ಚೆನ್ನಾಗಿದಾನೆ! ಬಯ್ತಿದಾನೆ!"

"ಯಾರನ್ನ?"

"ಎಲ್ಲಾರನ್ನೂ!"

ಆಚೆ ಇಬ್ಬರಿಗೂ ತಿನ್ನಲು ಅಲ್ಲಿನ ಕುರಿಯವರು ಕೊಟ್ಟದ್ದೇ ಗತಿಯಾಯಿತು. ನಮ್ಮ ಸಣ್ಣ ದೋಣಿಯೂ ದೊಡ್ಡದರ ಜೊತೆಗೇ ಆಚೆಗೆ ಹೋಗಿತ್ತು. ಹೊಳೆ ಇಳಿಯದೆ ಅದನ್ನು ನೀರಿಗೆ ಬಿಡುವ ಹಾಗಿರಲಿಲ್ಲ. ಮೂರು ದಿನ ನಮ್ಮ ಸಂಸಾರ ಹೊಳೆಯ ಎರಡು ದಂಡೆಯಲ್ಲಿ ನಿಂತು ಗಂಟಲು ಹರಿದುಕೊಂಡಿತು.

ಮೊದಲ ದಿನ ಊಟದ ಹೊತ್ತಿಗೆ ವೆಲ್ಡಾ ತಟ್ಟೆ ಮುಟ್ಟದೆ ಎದ್ದುನಿಂತಳು. "ನೀರು ಬಿಟ್ಟವಳು ನಾನು. ಅವರಿಬ್ಬರೂ ಸತ್ತಿದ್ರೆ ಕೊಂದವಳು ನಾನೇ. ಯಾರಾದ್ರೂ ಏನಾದ್ರೂ ಅನ್ನಿ."

ಹೀಬರ್ ರೊಟ್ಟಿ ಮುರಿದ.

"ಮಾವ, ಬಯ್ರಿ!"

ಅವನು ಟೋಪಿ ತೆಗೆದುಕೊಂಡು ದಂಡೆಗೆ ಹೋದ. ನಾನು ಹಿಂದೆಯೇ ಹೋದೆ. "ಅಣ್ಣಾ, ಆ ಹುಡುಗಿಗೆ ಒಂದು ಮಾತಾಡು."

"ಏನು ಮಾತಾಡಲಿ?" ಅವನು ನೀರಿನ ಕಡೆಯೇ ನೋಡುತ್ತಿದ್ದ. "ಬಾಯಿ ಬಿಟ್ರೆ ತಮಾಷೆನೇ ಬರುತ್ತೆ. ಅದಕ್ಕೇ ಇನ್ಮೇಲೆ ಬಿಡಲ್ಲ."

ನಾಲ್ಕನೆಯ ದಿನ ಹೊಳೆ ಒಂದು ಮೊಳ ಇಳಿಯಿತು. ಡ್ರೈವರು ಹುಟ್ಟು ಹಾಕಿ, ಮುಳುಗಿದ ಉಕ್ಕಿನ ಹಗ್ಗವನ್ನು ಈಚೆಗೆ ಎಳೆಯಲು ಅದಕ್ಕೆ ಕಟ್ಟಿದ ಸಣ್ಣದೊಂದು ಹಗ್ಗದ ತುದಿಯನ್ನು ಆಮನ್ ಹಿಡಿದುಕೊಂಡು, ಇಬ್ಬರೂ ಸಣ್ಣ ದೋಣಿಯಲ್ಲಿ ಈಚೆಗೆ ಬಂದರು. ವೆಲ್ಡಾ ಗಂಡನ ಬೆರಳಿಗೆ ಪಟ್ಟಿ ಕಟ್ಟುವಾಗ ಆಮನ್ ಯಾರ ಕಡೆಗೂ ಹೂಂ ಅನ್ನಲಿಲ್ಲ. "ಅಪ್ಪ, ನಿನಗೆ ಗೊತ್ತಿತ್ತು, ನೀನು ಹೇಳ್ಲಿಲ್ಲ. ಆರ್ಫಾ ಅತ್ತೆಗೆ ಗೊತ್ತಿತ್ತು, ಅವರೂ ಹೇಳ್ಲಿಲ್ಲ. ನನಗೆ ಗೊತ್ತಿತ್ತು, ನಾನು ತೂಬು ತೆಗೆದುಕೊಟ್ಟೆ. ಗೊತ್ತಿಲ್ಲದೆ ಇದ್ದೋಳು ಇವಳೊಬ್ಬಳೇ, ತಪ್ಪೂ ಇವಳೊಬ್ಬಳದೇ ಆಗಿದೆ," ಎಂದ. ಅಷ್ಟುದ್ದದ ಮಾತು ಅವನು ಮದುವೆಯ ದಿನವೂ ಆಡಿರಲಿಲ್ಲ. ಹೀಬರ್ ಕೇಳಿಸಿಕೊಂಡ. ತಲೆ ಮಾತ್ರ ಆಡಿಸಿದ.

ಮರುದಿನ ಬೆಳಗ್ಗೆ ವೆಲ್ಡಾ ಹೇಸರಗತ್ತೆ ಹತ್ತಿ ಒಬ್ಬಳೇ ಸೇತುವೆಯ ಕ್ಯಾಂಪಿಗೆ ಹೋದಳು. ಅಲ್ಲಿನ ಮೇಸ್ತ್ರಿ ಟುಲ್ಲಿ ಎಂಬವನು ಕೆಂಪು ಮೀಸೆಯ, ಹೊಲಸು ಬಾಯಿಯ ಮನುಷ್ಯ. ತೊಲೆ ಕಳೆದುಕೊಂಡ ಉರಿಯಲ್ಲಿದ್ದ. ನಡೆದದ್ದನ್ನು ಆಮೇಲೆ ಅವನೇ ನನ್ನ ಒಲೆಯ ಮುಂದೆ ಕೂತು ಹೇಳಿದ.

"'ಆ ಮಣ್ಣಿಗೆ ನೀರು ಬಿಟ್ಟ ಮೂರ್ಖ ಯಾರು?' ಅಂತ ಕೇಳ್ದೆ ಅಮ್ಮ. 'ನಾನೇ' ಅಂದ್ರು. ಆಮೇಲೆ ಬಯ್ಯೋಕೆ ಮಾತೇ ಸಿಗ್ಲಿಲ್ಲ. 'ನಿಮ್ಮ ಹತ್ರ ಬಂಡೆ ಕೊರೆಯೋ ಯಂತ್ರ ಇದೆ, ನಮ್ಮ ಮನೆ ಹಿಂದೆ ಬಂಡೆ ಇದೆ. ನಿಮಗೆ ದೋಣಿ ಬೇಕು. ಬನ್ನಿ, ಊಟ ನಮ್ಮದು' ಅಂದ್ರು. ಸರಿ ಅನ್ನದೆ ಇನ್ನೇನು ಮಾಡ್ಲಿ?"

ಒಂಬತ್ತು ಜನ ಬಂದರು. ಐದು ದಿನ ಮನೆಯ ಹಿಂದಿನ ಕಡಿದಾದ ಬಂಡೆಯಲ್ಲಿ ಯಂತ್ರ ಗಿರ್ರೆಂದಿತು. ಕೋಳಿಗಳು ಮೊಟ್ಟೆ ಇಡುವುದನ್ನೇ ನಿಲ್ಲಿಸಿದವು. ದಿನಕ್ಕೆ ಎರಡು ಸಲ ನಾನೂ ವೆಲ್ಡಾಳೂ ರೋವೆನಾಳೂ ಹುಳಿಹಿಟ್ಟಿನ ರೊಟ್ಟಿ, ಕಾಳು, ಉಪ್ಪು ಹಾಕಿದ ಹಂದಿಮಾಂಸ, ಒಣಪೀಚಿನ ಕಡುಬು ಬಡಿಸಿದೆವು. ಕಾಫಿ ಇಲ್ಲವೇ ಎಂದು ಕೇಳಿದರು. ನಮ್ಮ ಮತದಲ್ಲಿ ಇಲ್ಲ ಎಂದು ಹುರಿದ ಬಾರ್ಲಿಯ ಕಷಾಯ ಕೊಟ್ಟೆ. ಟುಲ್ಲಿ ಒಂದು ಗುಟುಕು ಕುಡಿದು ಲೋಟದೊಳಗೆ ಇಣುಕಿದ. "ನಿಮ್ಮ ಮತದೋರು ಸ್ವರ್ಗಕ್ಕೆ ಹೋಗೋದು ಖಂಡಿತ ಅಮ್ಮ. ಇದನ್ನ ಕುಡಿದು ಬದುಕಿದೀರಲ್ಲ."

ಬಂಡೆಗೆ ಎರಡು ತೋಳುದಪ್ಪದ ಕಬ್ಬಿಣದ ಕೊಂಡಿ ಬಿತ್ತು. ದಿಣ್ಣೆಗೆ ಸಿಕ್ಕಿದ್ದ ಲಾರಿಯನ್ನು ಬಿಡಿಸಿ, ಖಾಲಿ ದೋಣಿಯನ್ನು ಈಚೆಗೆ ಎಳೆದು ತಂದು ಅದರ ಒಡಕು ಮುಚ್ಚಿದರು. ಹಗ್ಗ ಈಗ ಹೊಲದ ಮೇಲೆ, ಯಾವ ಮಣ್ಣಿನ ಹಂಗೂ ಇಲ್ಲದೆ ಹಾದುಹೋಯಿತು. ದಿಮ್ಮಿ ಗೀಚಿದ ಸಾಲೊಂದನ್ನು ಬಿಟ್ಟರೆ ಕುದುರೆಮೆಂತ್ಯ ಕಣಕಾಲುದ್ದ ಬೆಳೆದಿತ್ತು. ವೆಲ್ಡಾ ಕೇಳಿದ ಪಟ್ಟಿ ಅವಳದಾಗಿತ್ತು.

ಆದರೂ ಅವಳು ಪೆಟ್ಟಿಗೆ ಕಟ್ಟುತ್ತಿದ್ದಳು. ಅಂಚೆಯವನು ಸಣ್ಣ ದೋಣಿಯಲ್ಲಿ ದಾಟಿದ ದಿನವೇ ಅಕ್ಕನಿಗೆ ಕಾಗದ ಕಳಿಸಿದ್ದಳು. ಅಕ್ಕನ ಗಂಡ ಬಂಡಿ ತಗೊಂಡು ಆಚೆ ದಂಡೆಗೆ ಬರುವವನಿದ್ದ.

"ನಿನಗೆ ಬೇಕಾಗಿದ್ದು ಸಿಕ್ಕಿತಲ್ಲೇ," ಎಂದೆ.

"ಸಿಕ್ಕಿತು. ಹದಿಮೂರು ವರ್ಷ ಮಾವ ನನ್ನ ಜೊತೆ ತಮಾಷೆ ಮಾಡಿದ್ರು ಅಂತ ಕೋಪ ಇತ್ತು ಅತ್ತೆ. ಈಗ ಹದಿನೈದು ದಿನದಿಂದ ಅದೂ ಇಲ್ಲ. ನಾನು ಬಡಿಸಿದ್ರೆ ತಿಂತಾರೆ, ಎದ್ದು ಹೋಗ್ತಾರೆ. ಗೋಡೆ ಜೊತೆ ಹೇಗೆ ಬಾಳ್ವೆ ಮಾಡ್ಲಿ?"

"ಆಮನ್ ಏನಂದ?"

"'ನೀನು ಹೋದ್ರೆ ನಾನೂ ಬರ್ತೀನಿ, ಮೇವು ಕೊಯ್ದ ಮೇಲೆ' ಅಂದ." ಅವಳು ಪೆಟ್ಟಿಗೆಯ ಮುಚ್ಚಳದ ಮೇಲೆ ಕೂತು ಅದುಮಿದಳು. "ಆ ಮೇವನ್ನ ಕೊಯ್ಯೋಕೂ ನಾನು ಇರಲ್ಲ."

ಹಗ್ಗಕ್ಕಾಗಲಿ ದೋಣಿಗಾಗಲಿ ಏನಾದರೂ ರಿಪೇರಿ ಆದ ಮೇಲೆ ಮೊದಲ ಸಲ ದಾಟುವಾಗ ಹೊರಗಿನವರನ್ನು ಹತ್ತಿಸುವುದಿಲ್ಲ, ಅಂಬಿಗನ ಮನೆಯವರೇ ಹೋಗಬೇಕು. ಇದು ಅಪ್ಪ ಇಟ್ಟ ಕಟ್ಟಳೆ. ನಿನ್ನ ಮನೆಯವರನ್ನು ಕೂರಿಸಲಾಗದ ದೋಣಿಗೆ ಪರರ ಮಕ್ಕಳನ್ನು ಕರೆಯಬೇಡ ಎನ್ನುತ್ತಿದ್ದ. ಹಾಗಾಗಿ ಆ ಶುಕ್ರವಾರ ಬೆಳಗ್ಗೆ ನಾವು ಐದೂ ಜನ ಹತ್ತಿದೆವು. ಆರನೆಯದು ವೆಲ್ಡಾಳ ಪೆಟ್ಟಿಗೆ. ಅದನ್ನು ದೋಣಿಯ ನಟ್ಟನಡುವೆ ಇಟ್ಟಿದ್ದಳು. ಆಚೆ ದಂಡೆಯಲ್ಲಿ ಎರಡು ಬಂಡಿ, ಒಂದು ಖಾಲಿ ಲಾರಿ ಕಾಯುತ್ತಿದ್ದವು. ಅಕ್ಕನ ಗಂಡ ಆರ್ವಿಲ್ ಕೆಂಪು ಕರವಸ್ತ್ರ ಬೀಸುತ್ತಿದ್ದ.

ಹೀಬರ್ ಕಟ್ಟು ಬಿಚ್ಚಿದ. ದೋಣಿ ಹತ್ತು ಮಾರು ಹೋಯಿತು. ಹಗ್ಗ ಕಿರ್ರೆಂದಿತು, ವೆಲ್ಡಾ ಮಗಳನ್ನು ಎಳೆದು ಹಿಡಿದುಕೊಂಡಳು. ಆಗ ಅವನು ಅವಳ ಕಡೆ ನೋಡದೆ, ರಾಟೆಯ ಕಡೆ ನೋಡಿಕೊಂಡು ಶುರುಮಾಡಿದ.

"ಇದು ಮುಂದಿನ ಹಗ್ಗ. ಅದು ಹಿಂದಿನದು. ಮುಂದಿನದನ್ನ ಗಿಡ್ಡ ಮಾಡಿದ್ರೆ ದೋಣಿ ಮೂತಿ ಮೇಲಕ್ಕೆ ತಿರುಗುತ್ತೆ. ನೀರು ಮಗ್ಗುಲಿಗೆ ತಳ್ಳುತ್ತೆ. ಹುಟ್ಟು ಬೇಡ, ಯಂತ್ರ ಬೇಡ."

ವೆಲ್ಡಾ ತಲೆಯೆತ್ತಿದಳು.

"ನೀರಿಗೆ ನಮ್ಮನ್ನ ಕೆಳಕ್ಕೆ ಒಯ್ಯೋ ಆಸೆ. ಮೇಲಿನ ಹಗ್ಗ ಬಿಡಲ್ಲ. ಕೆಳಕ್ಕೆ ಹೋಗೋ ಹಾಗಿಲ್ಲ, ಮೇಲಕ್ಕೆ ಹೋಗೋ ಹಾಗಿಲ್ಲ. ಹಾಗಾಗಿ ಅಡ್ಡ ಹೋಗುತ್ತೆ."

"ನಮ್ಮ ಆಮನ್ ಥರ," ಎಂದಳು ವೆಲ್ಡಾ.

ಆಮನ್ ಹೂಂ ಅಂದ. ಹೀಬರನ ಮೀಸೆ ಅಲುಗಿತು, ಆದರೆ ಅವನು ಮಾತು ಬಿಡಲಿಲ್ಲ. ತಮಾಷೆಗೆ ಜಾರದ ಹಾಗೆ ಒಂದೊಂದೇ ಮಾತನ್ನು ಕಾಲಿಟ್ಟು ನೋಡಿ ಆಡುತ್ತಿದ್ದ. "ತುಂಬಿದ ಹೊಳೇಲಿ ಲಾರಿ ಹೊತ್ತಾಗ ಈ ಹಗ್ಗದ ಮೇಲೆ ಎಷ್ಟು ಎಳೆತ ಅಂದ್ರೆ, ನಲವತ್ತು ಎತ್ತು ಒಟ್ಟಿಗೆ ಎಳೆದ ಹಾಗೆ. ಅಷ್ಟನ್ನೂ ತಡ್ಕೊಂಡಿದ್ದಿದ್ದು ಆ ದಿಮ್ಮಿ ಅಲ್ಲ. ದಿಮ್ಮಿ ಮುಂದಿದ್ದ ಒಣಮಣ್ಣು. ಮೇಲೆ ಬಿಟ್ಟ ನೀರು ಹಗ್ಗದ ಬಿಲ ಹಿಡ್ಕೊಂಡು ಇಳಿಯುತ್ತೆ, ಎಂಟಡಿ ಇರಲಿ ಹತ್ತಡಿ ಇರಲಿ. ನೆನೆದ ಮಣ್ಣು ಜಾರುತ್ತೆ. ಇಷ್ಟೇ." ಉಸಿರೆಳೆದುಕೊಂಡ. "ಇದನ್ನ ನೀನು ಬಂದ ದಿನ ಹೇಳ್ಬೇಕಿತ್ತು. ಹದಿಮೂರು ವರ್ಷ ತಡ ಮಾಡ್ದೆ."

ವೆಲ್ಡಾ ಹೊಳೆಯ ಕಡೆ ತಿರುಗಿ ನಿಂತಳು. ಬೇರೆಯೇ ದನಿಯಲ್ಲಿ ಕೇಳಿದಳು: "ಹಿಂದಿನ ಹಗ್ಗ ಪೂರ್ತಿ ಬಿಟ್ರೆ?"

"ನೀರು ಅಂಚು ಹತ್ತುತ್ತೆ. ಮುಳುಗ್ತೀವಿ. ನಾಲ್ಕು ಸುತ್ತು ಬಿಟ್ಟು ಹಿಡೀಬೇಕು."

"ಗಾಳಿ ಎದುರಿಗಿದ್ರೆ?"

"ಐದು. ಹಿಡಿದು ನೋಡು."

ಅವಳು ಹಿಡಿದಳು. ಹಗ್ಗ ಸುತ್ತುವ ಚಕ್ರ ಅವಳ ಕೈಗೆ ಒಮ್ಮೆ ಬಡಿಯಿತು. ಬೈದುಕೊಂಡು ಮತ್ತೆ ಹಿಡಿದಳು. "ಅಷ್ಟು ಬಿಗಿ ಬೇಡ," ಎಂದ ಹೀಬರ್. "ಗೊತ್ತಾಗುತ್ತೆ ಬಿಡಿ," ಎಂದಳು ಅವಳು. ದೋಣಿ ಸೊಟ್ಟಸೊಟ್ಟಾಗಿಯೇ ಆಚೆ ದಂಡೆ ಮುಟ್ಟಿತು.

ಆರ್ವಿಲ್ ಓಡಿಬಂದು ಪೆಟ್ಟಿಗೆಯ ಹಿಡಿಗೆ ಕೈ ಹಾಕಿದ. ಅಷ್ಟರಲ್ಲಿ ಹಿಂದಿದ್ದ ಲಾರಿಯವನು ಹಾರನ್ ಹೊಡೆದ. "ಎರಡು ವಾರ ಆಯ್ತು ಕಾಯ್ತಾ! ಇವತ್ತಾದ್ರೂ ದಾಟಿಸ್ತೀರೋ ಇಲ್ವೋ?"

ಹೀಬರ್ ಸೊಂಟ ಹಿಡಿದುಕೊಂಡು ದೋಣಿಯ ಮೂತಿಯ ಕಡೆ ಹೋಗಿ ನಿಂತ. ಚಕ್ರದ ಹತ್ತಿರ ಯಾರನ್ನೂ ನಿಲ್ಲಿಸಲಿಲ್ಲ. ಆಮನ್ ಪಟ್ಟಿ ಕಟ್ಟಿದ ಕೈ ಎತ್ತಿ ತೋರಿಸಿದ, ತನ್ನಿಂದಾಗದು ಎನ್ನುವ ಹಾಗೆ. ಅವನ ಇನ್ನೊಂದು ಕೈ ಚೆನ್ನಾಗಿಯೇ ಇತ್ತು.

"ಸ್ವಲ್ಪ ಬಿಡಿ ಭಾವ," ಎಂದಳು ವೆಲ್ಡಾ. ಪೆಟ್ಟಿಗೆಯನ್ನು ಆರ್ವಿಲನ ಕೈಯಿಂದ ಬಿಡಿಸಿ, ಕಾಲಿಂದ ತಳ್ಳಿ ದೋಣಿಯ ಅಂಚಿಗೆ ಒತ್ತಿದಳು. "ಇದು ನಡುವೆ ಇದ್ರೆ ಲಾರಿ ಹತ್ತಲ್ಲ."

"ಮತ್ತೆ ನಾನು? ಮೂರು ದಿನದ ಹಾದಿ ಬಂದಿದೀನಲ್ಲ ತಾಯಿ. ನಿಮ್ಮಕ್ಕನಿಗೆ ಏನು ಹೇಳ್ಲಿ?"

ವೆಲ್ಡಾ ಲಾರಿಯವನಿಗೆ ಬಾ ಬಾ ಎಂದು ಕೈಬೀಸಿ, ಹಲಗೆ ಸರಿಯಾಗಿ ಕೂತಿದೆಯೇ ಎಂದು ತುಳಿದು ನೋಡಿ, ಚಕ್ರದ ಹಿಡಿಗೆ ಕೈ ಹಾಕಿದಳು.

"ಎರಡನೇ ಕೊಯ್ಲಿಗೆ ಬನ್ನಿ ಭಾವ. ಆವಾಗಲೂ ಬಂಡಿ ಖಾಲಿ ತನ್ನಿ, ಮೇವು ತುಂಬಿ ಕಳಿಸ್ತೀನಿ."